ತಿದ್ದಿದ್ದು ಯಾರು, ಯಾವಾಗ, ಏಕೆ? ದತ್ತಾಂಶ ಕಲಿಯುವ ವಿದ್ಯಾರ್ಥಿಗೆ ಗಿಟ್ ಎಷ್ಟು ಬೇಕು, ಯಾವಾಗ ಬೇಕು

ಹಾಸನ ಜಿಲ್ಲೆಯ ಕೊರವಂಗಲ ಎಂಬ ಊರಿನ ಹೆಸರನ್ನು ಕಂಪ್ಯೂಟರಿನಲ್ಲಿ ಎರಡು ಬಗೆಯಲ್ಲಿ ಬರೆದಿಡಬಹುದು. ಮೊದಲ ಅಕ್ಷರದ ಒಕಾರಕ್ಕೆ ಯೂನಿಕೋಡ್‌ನಲ್ಲಿ ಒಂದೇ ಸಂಕೇತವಿದೆ. ಎಕಾರದ ಚಿಹ್ನೆ, ಊಕಾರದ ಚಿಹ್ನೆ ಎಂಬ ಎರಡು ಸಂಕೇತಗಳನ್ನು ಒಂದರ ಹಿಂದೆ ಒಂದಿಟ್ಟರೂ ಅದೇ ಆಕಾರ ಮೂಡುತ್ತದೆ. ಕಣ್ಣಿಗೆ ವ್ಯತ್ಯಾಸವೇ ಕಾಣದು. ಆದರೆ ಮಳೆಯ ಕಡತದಲ್ಲಿ ಒಂದು ಬಗೆ, ಬೆಳೆಯ ಕಡತದಲ್ಲಿ ಇನ್ನೊಂದು ಬಗೆ ಇದ್ದರೆ, ಊರ ಹೆಸರು ಹಿಡಿದು ಎರಡನ್ನೂ ಜೋಡಿಸುವ ಪ್ರೋಗ್ರಾಂ ಇವೆರಡೂ ಬೇರೆ ಊರು ಎಂದುಕೊಂಡು ಆ ಸಾಲನ್ನೇ ಬಿಟ್ಟುಬಿಡಬಹುದು. ಹೊಳೆನರಸೀಪುರದ ಮೊದಲಕ್ಷರಕ್ಕೂ ಇದೇ ತೊಡಕು. ಅದರ ಮೇಲೆ ನರಸೀಪುರವೋ ನರಸಿಪುರವೋ, ಚನ್ನರಾಯಪಟ್ಟಣವೋ ಚೆನ್ನರಾಯಪಟ್ಟಣವೋ ಎಂಬ ಗೊಂದಲ ಬೇರೆ. ಇಂಗ್ಲಿಷಿನಲ್ಲಿ ಅರಕಲಗೂಡು ಬರೆಯುವ ರೀತಿಯಂತೂ ಕಡತದಿಂದ ಕಡತಕ್ಕೆ ಬದಲಾಗುತ್ತದೆ. ಕೊರವಂಗಲವನ್ನೇ ಕೆಲವರು ಕೋರಮಂಗಲ ಎಂದು ಬರೆಯುವುದುಂಟು. ಆಗ ನಕ್ಷೆಯಲ್ಲಿ ಊರು ಬೆಂಗಳೂರಿಗೆ ಹೋಗಿ ಕೂರುವ ಅಪಾಯವಿದೆ.

ಪ್ರಾಜೆಕ್ಟ್ ಮಾಡುವ ವಿದ್ಯಾರ್ಥಿಗಳು ಇಂಥ ಹೆಸರುಗಳನ್ನು ಎಕ್ಸೆಲ್ ತೆರೆದು ಕೈಯಲ್ಲೇ ಸರಿಮಾಡುತ್ತಾರೆ. ತಿದ್ದಿದ್ದು ತಪ್ಪಲ್ಲ. ತಿದ್ದಿದ್ದಕ್ಕೆ ಗುರುತು ಉಳಿಯದಿರುವುದೇ ತೊಂದರೆ. ಆರು ತಿಂಗಳ ಬಳಿಕ ವೈವಾದಲ್ಲಿ ಯಾರಾದರೂ ‘ಈ ಸಂಖ್ಯೆ ಎಲ್ಲಿಂದ ಬಂತು?’ ಎಂದರೆ ಹೇಳಲು ಆಧಾರವಿರುವುದಿಲ್ಲ. ಆ ಗುರುತನ್ನು ಉಳಿಸುವ ಕಲೆ ವರ್ಷನ್ ಕಂಟ್ರೋಲ್; ಗಿಟ್ ಅದರ ಒಂದು ಸಾಧನ. ಮೂಲ ದತ್ತಾಂಶದಿಂದ ಹೊರಟು ಬೇರೊಬ್ಬರೂ ಅದೇ ಉತ್ತರಕ್ಕೆ ತಲುಪುವಂತೆ ಕೆಲಸ ಮಾಡುವುದು ಪುನರಾವರ್ತನೀಯ ವಿಶ್ಲೇಷಣೆ. ಇವೆರಡೂ ವಿದ್ಯಾರ್ಥಿಗೆ ಬೇಕು ಎಂಬುದರಲ್ಲಿ ಈಗ ದೊಡ್ಡ ತಕರಾರಿಲ್ಲ. ಯಾವಾಗ, ಎಷ್ಟು, ಯಾವ ಸಾಧನದಿಂದ ಎಂಬಲ್ಲಿ ಮಾತ್ರ ಬಲವಾದ ಭಿನ್ನಮತಗಳಿವೆ.

ಶ್ರವಣಬೆಳಗೊಳದ ಮೂರು ಆವೃತ್ತಿಗಳು

ಈ ಚರ್ಚೆಯನ್ನು ಅಮೆರಿಕದ ಪ್ರಯೋಗಾಲಯಗಳಿಂದ ಶುರುಮಾಡುವುದು ವಾಡಿಕೆ. ಹಾಸನ ಜಿಲ್ಲೆಯವರಿಗೆ ಅಷ್ಟು ದೂರ ಹೋಗುವ ಅಗತ್ಯವಿಲ್ಲ. ಚನ್ನರಾಯಪಟ್ಟಣ ತಾಲ್ಲೂಕಿನ ಶ್ರವಣಬೆಳಗೊಳದ ಶಾಸನಗಳನ್ನು ಬಿ. ಎಲ್. ರೈಸ್ 1889ರಲ್ಲಿ ಪ್ರಕಟಿಸಿದಾಗ ಅದರಲ್ಲಿದ್ದುದು 144 ಶಾಸನ. ಆರ್. ನರಸಿಂಹಾಚಾರ್ಯರು 1923ರಲ್ಲಿ ಅದನ್ನು ಪರಿಷ್ಕರಿಸಿ ಸಂಖ್ಯೆಯನ್ನು 500ಕ್ಕೆ ಏರಿಸಿದರು. ಮೈಸೂರು ವಿಶ್ವವಿದ್ಯಾಲಯದ ಕನ್ನಡ ಅಧ್ಯಯನ ಸಂಸ್ಥೆ 1973ರಲ್ಲಿ ಹೊರತಂದ ಆವೃತ್ತಿಯಲ್ಲಿ ಅದು 573 ಆಯಿತು. ಪ್ರತಿ ಸಲವೂ ಶಾಸನಗಳ ಕ್ರಮಾಂಕ ಬದಲಾಯಿತು. ಹಳೆಯ ಸಂಖ್ಯೆ ನಂಬಿ ಬರೆದ ಅಷ್ಟೂ ಸಂಶೋಧನೆ ದಿಕ್ಕುತಪ್ಪಬೇಕಿತ್ತು. ಹಾಗಾಗದಿದ್ದುದಕ್ಕೆ ಕಾರಣ, ಹೊಸ ಸಂಖ್ಯೆಯ ಪಕ್ಕದಲ್ಲಿ ಹಳೆಯ ಸಂಖ್ಯೆಯನ್ನೂ ಕೊಡುವ ಶಿಸ್ತು. ಯಾವ ಆವೃತ್ತಿಯ ಎಷ್ಟನೆಯ ಶಾಸನ ಎಂದು ಹೇಳದೆ ಉಲ್ಲೇಖಿಸಿದರೆ ವಿದ್ವಾಂಸರು ಒಪ್ಪುವುದಿಲ್ಲ.

ಬೇಲೂರು ತಾಲ್ಲೂಕಿನ ಹಲ್ಮಿಡಿ ಶಾಸನ ಇನ್ನೂ ಒಂದು ಹೆಜ್ಜೆ ಮುಂದಿನ ಪಾಠ. ಎಂ. ಎಚ್. ಕೃಷ್ಣ ಅವರು ಬೆಳಕಿಗೆ ತಂದ ಆ ಕಲ್ಲಿನ ಕಾಲದ ಬಗ್ಗೆ, ಕೆಲವು ಪದಗಳ ಓದಿನ ಬಗ್ಗೆ ವಿದ್ವಾಂಸರು ಬಹುಕಾಲ ವಾದಿಸಿದ್ದಾರೆ. ಕಲ್ಲು ಉಳಿದಿದೆ, ಅದರ ಪಡಿಯಚ್ಚು ಉಳಿದಿದೆ, ಮೊದಲು ಓದಿದವರ ಪಾಠ ಅಚ್ಚಾಗಿದೆ. ಹಾಗಾಗಿ ಹೊಸಬರು ಬಂದು ‘ಇಲ್ಲಿ ಹೀಗಲ್ಲ, ಹಾಗೆ’ ಎನ್ನಲು ಸಾಧ್ಯವಾಯಿತು. ಮೂಲವನ್ನು ಮುಟ್ಟದೆ ಇಡುವುದು, ಓದನ್ನು ಪ್ರತ್ಯೇಕವಾಗಿ ಬರೆಯುವುದು, ತಿದ್ದುಪಡಿಗೆ ಹೆಸರು ಮತ್ತು ಕಾರಣ ಕೊಡುವುದು: ಇಂದು ದತ್ತಾಂಶ ವಿಜ್ಞಾನದ ಪಠ್ಯಗಳು ಹೊಸ ಸಂಗತಿಯಂತೆ ಹೇಳುವ ಈ ಮೂರೂ ನಮ್ಮ ಶಾಸನಶಾಸ್ತ್ರದ ಹಳೆಯ ನಡೆ. ಕೊರವಂಗಲದಲ್ಲಿ 1173ರಲ್ಲಿ, ಎರಡನೇ ವೀರಬಲ್ಲಾಳನ ಕಾಲದಲ್ಲಿ, ಬೂಚಿರಾಜ ಕಟ್ಟಿಸಿದ ಬೂಚೇಶ್ವರ ಗುಡಿಯ ಕಾಲವನ್ನು ನಾವು ಇಷ್ಟು ಖಚಿತವಾಗಿ ಹೇಳುತ್ತಿರುವುದು ಇಂಥ ಶಿಸ್ತಿನ ಫಲ. ಇಲ್ಲಿನ ವಿದ್ಯಾರ್ಥಿಗೆ ಗಿಟ್ ಕಲಿಸುವ ಮೊದಲ ತರಗತಿಯಲ್ಲಿ ಈ ಮಾತು ಬರಲೇಬೇಕು ಎಂಬುದು ನನ್ನ ಗಟ್ಟಿ ಅಭಿಪ್ರಾಯ.

ಬೆಲ್ ಲ್ಯಾಬ್ಸ್‌ನಿಂದ ಗಿಟ್‌ವರೆಗೆ

ಸಾಫ್ಟ್‌ವೇರ್ ಲೋಕದ ಚರಿತ್ರೆ ಚಿಕ್ಕದು. 1972ರಲ್ಲಿ ಬೆಲ್ ಲ್ಯಾಬ್ಸ್‌ನ ಮಾರ್ಕ್ ರಾಚ್‌ಕೈಂಡ್ ಎಸ್‌ಸಿಸಿಎಸ್ ಎಂಬ ವರ್ಷನ್ ಕಂಟ್ರೋಲ್ ಸಾಧನ ಬರೆದರು. 1980ರ ದಶಕದಲ್ಲಿ ವಾಲ್ಟರ್ ಟಿಚಿ ಅವರ ಆರ್‌ಸಿಎಸ್, ಡಿಕ್ ಗ್ರೂನ್ ಅವರ ಸಿವಿಎಸ್ ಬಂದವು. 2000ದಲ್ಲಿ ಸಬ್‌ವರ್ಷನ್ ಯೋಜನೆ ಶುರುವಾಯಿತು. ಲಿನಕ್ಸ್ ಕರ್ನೆಲ್ ಬರೆಯುವವರು ಬಳಸುತ್ತಿದ್ದ ಬಿಟ್‌ಕೀಪರ್ ಎಂಬ ವಾಣಿಜ್ಯ ಸಾಧನದ ಉಚಿತ ಬಳಕೆ 2005ರಲ್ಲಿ ನಿಂತಾಗ, ಆ ವರ್ಷದ ಏಪ್ರಿಲ್‌ನಲ್ಲಿ ಲೈನಸ್ ಟೊರ್ವಾಲ್ಡ್ಸ್ ಗಿಟ್ ಬರೆದರು. ಕೆಲವೇ ತಿಂಗಳಲ್ಲಿ ಅದರ ಹೊಣೆ ಜುನಿಯೊ ಹಮಾನೊ ಅವರಿಗೆ ಹೋಯಿತು. 2008ರಲ್ಲಿ ಗಿಟ್ ಯೋಜನೆಗಳನ್ನು ಜಾಲದಲ್ಲಿ ಇಡುವ ತಾಣವಾದ ಗಿಟ್‌ಹಬ್ ಬಂತು, 2018ರಲ್ಲಿ ಅದನ್ನು ಮೈಕ್ರೋಸಾಫ್ಟ್ ಕೊಂಡಿತು.

ಇದರಲ್ಲಿ ನಮಗೆ ಮುಖ್ಯವಾದದ್ದು ಒಂದೇ. ಹಳೆಯ ಸಿವಿಎಸ್, ಸಬ್‌ವರ್ಷನ್‌ಗಳಲ್ಲಿ ಇತಿಹಾಸ ಒಂದು ಕೇಂದ್ರ ಸರ್ವರ್‌ನಲ್ಲಿರುತ್ತಿತ್ತು. ಗಿಟ್‌ನಲ್ಲಿ ಪೂರ್ತಿ ಇತಿಹಾಸ ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಇರುತ್ತದೆ. ಕಮಿಟ್ ಮಾಡಲು, ಅಂದರೆ ಒಂದು ಬದಲಾವಣೆಯನ್ನು ಇತಿಹಾಸಕ್ಕೆ ಸೇರಿಸಲು, ಇಂಟರ್‌ನೆಟ್ ಬೇಡ. ಪೆನ್‌ಡ್ರೈವ್ ಒಂದನ್ನೇ ಹಂಚಿಕೆಯ ರೆಪೊ, ಅಂದರೆ ಕಡತಗಳೂ ಅವುಗಳ ಇತಿಹಾಸವೂ ಇರುವ ಭಂಡಾರ, ಮಾಡಿಕೊಳ್ಳಬಹುದು. ನೆಟ್‌ವರ್ಕ್ ಬಂದು ಹೋಗುವ ಹಳ್ಳಿಯಿಂದ ಕಾಲೇಜಿಗೆ ಬರುವ ಹುಡುಗಿಗೆ ಇದು ದೊಡ್ಡ ಅನುಕೂಲ. ಗಿಟ್ ಎಂದರೆ ಗಿಟ್‌ಹಬ್ ಎಂದೇ ಕಲಿಸಿಬಿಟ್ಟರೆ ಆ ಅನುಕೂಲ ಅವಳಿಗೆ ಗೊತ್ತಾಗುವುದೇ ಇಲ್ಲ.

ಅದೇ ಉತ್ತರ ಮತ್ತೆ ಬರಬೇಕು

ಇನ್ನೊಂದು ಧಾರೆ ವಿಜ್ಞಾನಿಗಳದು. ಸ್ಟ್ಯಾನ್‌ಫರ್ಡ್‌ನ ಭೂಭೌತ ವಿಜ್ಞಾನಿ ಜಾನ್ ಕ್ಲೇರ್‌ಬೌಟ್ 1990ರ ಸುಮಾರಿಗೆ ತಮ್ಮ ಗುಂಪಿನಲ್ಲಿ ಒಂದು ಕಟ್ಟಳೆ ತಂದರು: ಪ್ರಬಂಧದಲ್ಲಿರುವ ಚಿತ್ರವನ್ನು ಅಳಿಸಿ, ಒಂದು ಆಜ್ಞೆ ಕೊಟ್ಟು ಮತ್ತೆ ಮೂಡಿಸಲು ಬರಬೇಕು. ವಿದ್ಯಾರ್ಥಿಗಳು ತಾವೇ ಕೆಲವು ತಿಂಗಳ ಹಿಂದೆ ಮಾಡಿದ ಲೆಕ್ಕವನ್ನು ಮತ್ತೆ ಮಾಡಲಾಗದೆ ಒದ್ದಾಡುತ್ತಿದ್ದುದು ಇದರ ಹಿನ್ನೆಲೆ. ಅದಕ್ಕೂ ಮೊದಲು, 1984ರಲ್ಲಿ, ಡೊನಾಲ್ಡ್ ಕ್ನೂತ್ ಪ್ರೋಗ್ರಾಂ ಮತ್ತು ವಿವರಣೆಯನ್ನು ಒಂದೇ ಬರಹದಲ್ಲಿ ಹೆಣೆಯುವ ಮಾರ್ಗ ತೋರಿಸಿದ್ದರು. ಆರ್ ಭಾಷೆಯ ಸ್ವೀವ್, ನಿಟ್ಆರ್, ಈಗಿನ ಜುಪಿಟರ್ ನೋಟ್‌ಬುಕ್ ಎಲ್ಲವೂ ಈ ಎರಡು ಆಲೋಚನೆಗಳ ಸಂತತಿ.

ಈ ಧಾರೆಗೆ ಜನರ ಕಣ್ಣು ತೆರೆಸಿದ್ದು ಒಬ್ಬ ವಿದ್ಯಾರ್ಥಿ. ದೇಶವೊಂದರ ಸಾಲ ಅದರ ಒಟ್ಟು ಉತ್ಪನ್ನದ ಶೇ 90 ದಾಟಿದರೆ ಬೆಳವಣಿಗೆ ಕುಸಿಯುತ್ತದೆ ಎಂದು ಕಾರ್ಮನ್ ರೈನ್‌ಹಾರ್ಟ್ ಮತ್ತು ಕೆನೆತ್ ರೊಗಾಫ್ 2010ರಲ್ಲಿ ಬರೆದಿದ್ದರು. ಸರ್ಕಾರಗಳು ಖರ್ಚು ಕಡಿತಕ್ಕೆ ಅದನ್ನು ಆಧಾರವಾಗಿ ತೋರಿಸುತ್ತಿದ್ದವು. ಮ್ಯಾಸಚೂಸೆಟ್ಸ್ ವಿಶ್ವವಿದ್ಯಾಲಯದ ಆಮ್‌ಹರ್ಸ್ಟ್‌ನಲ್ಲಿ ಓದುತ್ತಿದ್ದ ಥಾಮಸ್ ಹರ್ನ್‌ಡನ್‌ಗೆ ತರಗತಿಯಲ್ಲಿ ಕೊಟ್ಟ ಕೆಲಸ, ಪ್ರಕಟವಾದ ಯಾವುದಾದರೂ ಫಲಿತಾಂಶವನ್ನು ಮತ್ತೆ ಪಡೆಯುವುದು. ಎಷ್ಟು ಮಾಡಿದರೂ ಅವರಿಗೆ ಆ ಸಂಖ್ಯೆ ಬರಲಿಲ್ಲ. ಲೇಖಕರನ್ನೇ ಕೇಳಿ ಎಕ್ಸೆಲ್ ಹಾಳೆ ತರಿಸಿಕೊಂಡರು. ಸರಾಸರಿಯ ಸೂತ್ರ ಕೆಲವು ಸಾಲುಗಳನ್ನು ಹಿಡಿದೇ ಇರಲಿಲ್ಲ. ಆಸ್ಟ್ರೇಲಿಯಾ, ಆಸ್ಟ್ರಿಯಾ, ಬೆಲ್ಜಿಯಂ, ಕೆನಡಾ, ಡೆನ್ಮಾರ್ಕ್ ಐದೂ ಹೊರಗುಳಿದಿದ್ದವು. ಲಭ್ಯವಿದ್ದ ಕೆಲವು ವರ್ಷಗಳ ಅಂಕಿಗಳು ಸೇರಿರಲಿಲ್ಲ, ದೇಶಗಳಿಗೆ ತೂಕ ಕೊಟ್ಟ ರೀತಿಯೂ ಪ್ರಶ್ನಾರ್ಹವಾಗಿತ್ತು. ಸಾಲ ಹೆಚ್ಚಿದ್ದ ದೇಶಗಳ ಸರಾಸರಿ ಬೆಳವಣಿಗೆ ಶೇ 0.1ರಷ್ಟು ಕುಸಿತ ಎಂದಿದ್ದುದು, ಹರ್ನ್‌ಡನ್ ಮತ್ತು ಅವರ ಅಧ್ಯಾಪಕರಾದ ಮೈಕೆಲ್ ಆಶ್, ರಾಬರ್ಟ್ ಪೊಲಿನ್ 2013ರಲ್ಲಿ ಮಾಡಿದ ಲೆಕ್ಕದಲ್ಲಿ ಶೇ 2.2ರಷ್ಟು ಏರಿಕೆಯಾಯಿತು. ಎಕ್ಸೆಲ್ ದೋಷವನ್ನು ಮೂಲ ಲೇಖಕರು ಒಪ್ಪಿಕೊಂಡರು. ಸಾಲ ಮತ್ತು ಬೆಳವಣಿಗೆಯ ನಂಟಿನ ವಾದವನ್ನು ಬಿಟ್ಟುಕೊಡಲಿಲ್ಲ.

ಈ ಪ್ರಸಂಗವನ್ನು ಎಕ್ಸೆಲ್ ಮೇಲಿನ ದೂರಾಗಿ ಹೇಳುವವರೇ ಹೆಚ್ಚು. ನನಗೆ ಇದರಲ್ಲಿ ದೊಡ್ಡದಾಗಿ ಕಾಣುವುದು ಆ ತರಗತಿಯ ಕೆಲಸ. ಹೊಸದನ್ನು ಮಾಡು ಎನ್ನುವ ಬದಲು, ಬೇರೆಯವರು ಮಾಡಿದ್ದನ್ನು ಮತ್ತೆ ಮಾಡಿ ತೋರಿಸು ಎಂದು ವಿದ್ಯಾರ್ಥಿಗೆ ಹೇಳಿದ್ದರಲ್ಲಿ ಎಷ್ಟು ಶಕ್ತಿಯಿತ್ತು ನೋಡಿ.

ಮೊದಲ ವಾರದಿಂದಲೇ ಗಿಟ್ ಎನ್ನುವವರು

ಕಲಿಕೆಯ ವಿಚಾರಕ್ಕೆ ಬಂದರೆ ಮೊದಲ ಪಂಥ ನೇರವಾದದ್ದು. ಬ್ರಿಟಿಷ್ ಕೊಲಂಬಿಯಾ ವಿಶ್ವವಿದ್ಯಾಲಯದಲ್ಲಿ ಜೆನ್ನಿ ಬ್ರಯಾನ್, ಡ್ಯೂಕ್‌ನಲ್ಲಿ ಮಿನೆ ಚೆಟಿನ್‌ಕಾಯಾ ರುಂಡೆಲ್ ತಮ್ಮ ಸಂಖ್ಯಾಶಾಸ್ತ್ರ ತರಗತಿಗಳನ್ನೇ ಗಿಟ್‌ಹಬ್ ಮೇಲೆ ನಡೆಸಿದರು. ಅಸೈನ್‌ಮೆಂಟ್ ಬರುವುದೂ ಅಲ್ಲೇ, ಒಪ್ಪಿಸುವುದೂ ಅಲ್ಲೇ. ಅಭ್ಯಾಸ ಕೆಡುವ ಮೊದಲೇ ಒಳ್ಳೆಯ ಅಭ್ಯಾಸ ಕೂಡಿಸಬೇಕು. ಗುಂಪಿನಲ್ಲಿ ಯಾರು ಏನು ಮಾಡಿದರು ಎಂಬುದು ಕಾಣಬೇಕು. ಕೆಲಸ ಹುಡುಕುವಾಗ ತೋರಿಸಲು ಕೈಯಲ್ಲಿ ಏನಾದರೂ ಇರಬೇಕು. ಇದು ಅವರ ವಾದ.

ಕರ್ನಾಟಕದಲ್ಲಿ ಈ ದಿಕ್ಕಿನ ಅಧಿಕೃತ ಹೆಜ್ಜೆ ಇಟ್ಟಿದ್ದು ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯ. 2022ರ ಯೋಜನೆಯಲ್ಲಿ ಕಂಪ್ಯೂಟರ್ ಸೈನ್ಸ್ ಮೂರನೇ ಸೆಮಿಸ್ಟರ್‌ಗೆ ‘ಪ್ರಾಜೆಕ್ಟ್ ಮ್ಯಾನೇಜ್‌ಮೆಂಟ್ ವಿತ್ ಗಿಟ್’ ಎಂಬ ಆಯ್ಕೆಯ ಲ್ಯಾಬ್ ಬಂತು. ರೆಪೊ ತೆರೆಯುವುದು, ಬ್ರಾಂಚ್ ಮಾಡುವುದು, ಮರ್ಜ್, ಟ್ಯಾಗ್, ಚೆರ್ರಿ ಪಿಕ್, ಹಳೆಯ ಕಮಿಟ್ ಹಿಂದಕ್ಕೆ ತೆಗೆಯುವುದು ಎಲ್ಲ ಅದರಲ್ಲಿವೆ. ರಾಜ್ಯದ ಮೂಲೆಮೂಲೆಯ ಎಂಜಿನಿಯರಿಂಗ್ ಕಾಲೇಜಿಗೆ ಗಿಟ್ ಎಂಬ ಹೆಸರು ಪಠ್ಯವಾಗಿ ತಲುಪಿದ್ದು ಸಣ್ಣ ಸಂಗತಿಯಲ್ಲ, ಇದನ್ನು ಮನಸಾರೆ ಸ್ವಾಗತಿಸಬೇಕು.

ಆದರೆ ಕೊರತೆಯನ್ನೂ ಹೇಳಬೇಕು. ಆ ಲ್ಯಾಬ್‌ನ ಪ್ರಯೋಗಗಳು ಆಜ್ಞೆಗಳ ಸುತ್ತ ಕಟ್ಟಿದವು. ಯಾವ ದತ್ತಾಂಶದ, ಯಾವ ಪ್ರಶ್ನೆಯ ಸುತ್ತಲೂ ಅಲ್ಲ. ಆರ್ ಪ್ರೋಗ್ರಾಮಿಂಗ್, ಎಕ್ಸೆಲ್ ವಿಶ್ಲೇಷಣೆ ಅದರ ಜೊತೆಗಿನ ಬೇರೆ ಆಯ್ಕೆಗಳು. ಗಿಟ್ ಆರಿಸಿದವರಿಗೆ ದತ್ತಾಂಶ ಸಿಗದು, ದತ್ತಾಂಶ ಆರಿಸಿದವರಿಗೆ ಗಿಟ್ ಸಿಗದು. ಉಳಿಸಿಕೊಳ್ಳಲೇಬೇಕಾದ ಏನೋ ಒಂದು ಕೈಯಲ್ಲಿಲ್ಲದಾಗ ಇತಿಹಾಸ ಉಳಿಸುವ ಆಜ್ಞೆಗಳು ಪರೀಕ್ಷೆ ಮುಗಿಯುವವರೆಗೆ ಬಾಯಿಪಾಠವಾಗಿ ನಿಂತು ಹೋಗುತ್ತವೆ. ಇನ್ನು ಹಾಸನದ ಕಾರೇಕೆರೆಯ ಕೃಷಿ ಕಾಲೇಜು, ಹೇಮಗಂಗೋತ್ರಿಯ ಸಮಾಜ ವಿಜ್ಞಾನದ ವಿಭಾಗಗಳಂಥ ಕಡೆ ಓದುವವರು ಈ ಲ್ಯಾಬ್‌ನ ವ್ಯಾಪ್ತಿಯ ಹೊರಗೇ ಉಳಿಯುತ್ತಾರೆ. ಹೊಲದ, ಮನೆಯ, ಮಾರುಕಟ್ಟೆಯ ನಿಜವಾದ ಅಂಕಿ ಹಿಡಿದು ಕೂರುವವರು ಅವರೇ.

ಅಷ್ಟು ಸಾಕು ಎನ್ನುವವರು

ಎರಡನೆಯ ಪಂಥದ ಹಿಂದೆ ದೀರ್ಘ ಅನುಭವವಿದೆ. ಗ್ರೆಗ್ ವಿಲ್ಸನ್ 1998ರಿಂದ ವಿಜ್ಞಾನಿಗಳಿಗೆ ಪ್ರೋಗ್ರಾಮಿಂಗ್ ಕಲಿಸಲು ಸಾಫ್ಟ್‌ವೇರ್ ಕಾರ್ಪೆಂಟ್ರಿ ನಡೆಸಿಕೊಂಡು ಬಂದವರು. ಅವರೂ ಸಂಗಡಿಗರೂ 2017ರಲ್ಲಿ ಬರೆದ ಲೇಖನದ ಸಾರವಿಷ್ಟು: ಎಲ್ಲರಿಗೂ ಅತ್ಯುತ್ತಮ ವಿಧಾನ ಹೇರಿದರೆ ಹೆಚ್ಚಿನವರು ಏನೂ ಮಾಡುವುದಿಲ್ಲ, ಸಾಕಷ್ಟು ಒಳ್ಳೆಯದು ಎನ್ನಬಹುದಾದ ಕನಿಷ್ಠ ಪಟ್ಟಿ ಕೊಡಿ. ಮೂಲ ಕಡತಕ್ಕೆ ಕೈ ಹಚ್ಚಬೇಡಿ. ಪ್ರತಿ ಬದಲಾವಣೆಯನ್ನೂ ಸ್ಕ್ರಿಪ್ಟ್‌ನಲ್ಲಿ ಬರೆಯಿರಿ. ಗಿಟ್ ಬರದಿದ್ದರೆ ದಿನಾಂಕ ಹಾಕಿದ ಫೋಲ್ಡರ್ ನಕಲು ಇಟ್ಟು, ಏನು ಬದಲಾಯಿತೆಂದು ಒಂದು ಟಿಪ್ಪಣಿ ಬರೆದರೂ ಆದೀತು.

ಗಿಟ್ ಕಲಿಯುವುದು ಸುಲಭವಲ್ಲ ಎಂಬುದನ್ನು ಈ ಪಂಥ ಪ್ರಾಮಾಣಿಕವಾಗಿ ಎದುರಿಸುತ್ತದೆ. ಕನ್ನಡದಲ್ಲಿ ಕೆಲಸ ಮಾಡುವವರಿಗೆ ಇನ್ನೂ ಎರಡು ಮೆಟ್ಟಿಲು ಹೆಚ್ಚು. ಕಡತಕ್ಕೆ ಕನ್ನಡದಲ್ಲಿ ಹೆಸರಿಟ್ಟರೆ ಗಿಟ್ ಅದನ್ನು ಮೂರು ಮೂರು ಅಂಕಿಗಳ ಗುಂಪಾಗಿ ತೋರಿಸುತ್ತದೆ. 340, 262 ಎಂದು ಶುರುವಾಗುವ ಆ ಸಾಲನ್ನು ನೋಡಿ ಹೊಸಬರು ಕಡತ ಕೆಟ್ಟಿತೆಂದು ಹೆದರುವುದು ಸಹಜ. ಒಂದು ಸೆಟ್ಟಿಂಗ್ ಬದಲಿಸಿದರೆ ಕನ್ನಡ ಕಾಣುತ್ತದೆ, ಆದರೆ ಅದನ್ನು ಹೇಳುವವರು ಬೇಕು. ನುಡಿ, ಬರಹದ ಹಳೆಯ ಅಕ್ಷರಶೈಲಿಯಲ್ಲಿ ಬೆರಳಚ್ಚಾದ ಪಠ್ಯ ಯೂನಿಕೋಡ್ ಅಲ್ಲದ ಕಾರಣ, ಎರಡು ಆವೃತ್ತಿಗಳ ನಡುವಿನ ವ್ಯತ್ಯಾಸ ತೋರಿಸು ಎಂದರೆ ಓದಲಾಗದ ಅಕ್ಷರರಾಶಿ ಬರುತ್ತದೆ. ಎಕ್ಸೆಲ್ ಕಡತವಾದರೆ ‘ಬದಲಾಗಿದೆ’ ಎಂಬುದರಾಚೆಗೆ ಗಿಟ್ ಹೆಚ್ಚು ಹೇಳಲಾರದು. ಸಾದಾ ಪಠ್ಯವಾದ ಸಿಎಸ್‌ವಿ, ಅದೂ ಯೂನಿಕೋಡ್‌ನಲ್ಲಿ, ಎಂಬ ಪಾಠ ಗಿಟ್‌ಗಿಂತ ಮೊದಲೇ ಬರಬೇಕು.

ನೋಟ್‌ಬುಕ್ ಮತ್ತು ಅದರ ಸುತ್ತಲಿನ ಪರಿಸರ

ಮೂರನೆಯವರು ಹೇಳುವುದು, ವಿದ್ಯಾರ್ಥಿಗೆ ಮೊದಲು ಬೇಕಾದದ್ದು ಬರಹ, ಲೆಕ್ಕ, ಚಿತ್ರ ಒಟ್ಟಿಗಿರುವ ನೋಟ್‌ಬುಕ್ ಎಂದು. ಕಲಿಸಲು ಅದಕ್ಕಿಂತ ಹಿತವಾದ ಸಾಧನ ಇನ್ನೊಂದಿಲ್ಲ, ನಿಜ. ಆದರೆ ನೋಟ್‌ಬುಕ್‌ನ ಕೋಶಗಳನ್ನು ಬೇಕಾದ ಕ್ರಮದಲ್ಲಿ ಓಡಿಸಬಹುದು. ಅಳಿಸಿದ ಸಾಲಿನ ಫಲ ನೆನಪಿನಲ್ಲಿ ಉಳಿದು ಉತ್ತರವನ್ನು ಕದಡಬಹುದು. ಜೋಯೆಲ್ ಗ್ರಸ್ 2018ರ ಜುಪಿಟರ್ ಸಮ್ಮೇಳನದಲ್ಲೇ ನಿಂತು ಇದನ್ನು ಟೀಕಿಸಿದರು. ಮಾರನೆಯ ವರ್ಷ ಬಂದ ದೊಡ್ಡ ಅಧ್ಯಯನವೊಂದು ಗಿಟ್‌ಹಬ್‌ನ ಲಕ್ಷಾಂತರ ನೋಟ್‌ಬುಕ್‌ಗಳನ್ನು ಓಡಿಸಿ ನೋಡಿತು. ತಪ್ಪಿಲ್ಲದೆ ಓಡಿದ್ದು ನೂರಕ್ಕೆ ಸುಮಾರು 24, ಮೊದಲಿನ ಉತ್ತರವನ್ನೇ ಕೊಟ್ಟಿದ್ದು ಸುಮಾರು 4.

ಗಿಟ್‌ನಲ್ಲಿಟ್ಟರೂ ಓಡದಿದ್ದರೆ ಏನು ಪ್ರಯೋಜನ ಎಂಬ ಪ್ರಶ್ನೆಯಿಂದ ಪ್ರೋಗ್ರಾಂ ಓಡುವ ಪರಿಸರಕ್ಕೆ ಒತ್ತು ಕೊಡುವವರ ಪಂಥ ಹುಟ್ಟಿತು. ಹಾರ್ವರ್ಡ್‌ನ ದತ್ತಾಂಶ ಭಂಡಾರದಲ್ಲಿದ್ದ ಆರ್ ಕಡತಗಳನ್ನು ಪರೀಕ್ಷಿಸಿ 2022ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಶೇ 74ರಷ್ಟು ಮೊದಲ ಸಲ ಓಡಲಿಲ್ಲ. ಯಂತ್ರದಿಂದ ಶುಚಿಗೊಳಿಸಿದ ಮೇಲೂ ಶೇ 56 ಓಡಲಿಲ್ಲ. ಪ್ಯಾಕೇಜ್‌ಗಳ ಆವೃತ್ತಿ ಬರೆದಿಡಿ, ಸಾಧ್ಯವಾದರೆ ಡಾಕರ್‌ನಂಥ ಪೆಟ್ಟಿಗೆಯಲ್ಲಿ ಇಡೀ ವ್ಯವಸ್ಥೆಯನ್ನೇ ಕಟ್ಟಿಡಿ ಎನ್ನುತ್ತಾರೆ ಇವರು. ವಾದ ಸರಿ. ಪದವಿ ವಿದ್ಯಾರ್ಥಿಗೆ ಆವೃತ್ತಿಗಳ ಪಟ್ಟಿ ಒಂದು ಸಾಕು. ಡಾಕರ್ ಹೇರುವುದು ಅತಿ.

ಸಂಖ್ಯಾಶಾಸ್ತ್ರಜ್ಞರ ಆಕ್ಷೇಪ

ಎಲ್ಲರಿಗಿಂತ ಆಳವಾದ ಆಕ್ಷೇಪ ಸಂಖ್ಯಾಶಾಸ್ತ್ರಜ್ಞರದು. ತಪ್ಪು ಲೆಕ್ಕವನ್ನು ನೂರು ಸಲ ಅದೇ ರೀತಿ ಮಾಡಿದರೂ ಅದು ತಪ್ಪೇ. ಮಾದರಿ ಆರಿಸಿದ್ದರಲ್ಲಿ, ಅಳೆದದ್ದರಲ್ಲಿ ದೋಷವಿದ್ದರೆ ಗಿಟ್ ಅದನ್ನು ಹಿಡಿಯದು. ಈ ಎಚ್ಚರ ನಮ್ಮ ದೇಶದಲ್ಲಿ ಹಳೆಯದು. ಪ್ರಶಾಂತಚಂದ್ರ ಮಹಾಲನೋಬಿಸ್ ಬಂಗಾಳದ ಸೆಣಬಿನ ಸಮೀಕ್ಷೆಗಳಲ್ಲಿ ಒಂದೇ ಪ್ರದೇಶದ ಮಾದರಿಯನ್ನು ಪರಸ್ಪರ ಹೆಣೆದುಕೊಂಡ ಉಪಮಾದರಿಗಳಾಗಿ ಒಡೆದು, ಬೇರೆ ಬೇರೆ ತಂಡಗಳಿಂದ ಅಳೆಸಿ, ಉತ್ತರಗಳನ್ನು ಹೋಲಿಸಿದರು. ಎರಡು ತಂಡಗಳ ಅಂತರವೇ ಅಳತೆಯ ಗುಣಮಟ್ಟ ಹೇಳುತ್ತಿತ್ತು. ಕಂಪ್ಯೂಟರ್ ಬರುವ ಮೊದಲೇ ಪರಿಶೀಲನೆಯನ್ನು ಸಮೀಕ್ಷೆಯ ಹೊಟ್ಟೆಯೊಳಗೇ ಇಟ್ಟ ವಿಧಾನ ಅದು. ಪುನರಾವರ್ತನೆ ಕಲಿಸುವ ಪಠ್ಯದಲ್ಲಿ ಇದಕ್ಕೆ ಜಾಗವಿಲ್ಲದಿದ್ದರೆ ಅದು ಅರೆಪಾಠ.

ಗೊರೂರಿನ ನೀರು, ಹಾಸನದ ಆಲೂಗೆಡ್ಡೆ

ಇಷ್ಟೂ ಪಂಥಗಳನ್ನು ಹಾಸನದ ಒಂದು ಪ್ರಾಜೆಕ್ಟ್‌ಗೆ ಒಡ್ಡಿ ನೋಡೋಣ. ಮುಂಗಾರು ಆಲೂಗೆಡ್ಡೆಗೂ ಮಳೆಗೂ ಏನು ನಂಟು? ಬಿತ್ತನೆ ಗೆಡ್ಡೆ ಜಲಂಧರ್‌ನಿಂದ ಹಾಸನದ ಎಪಿಎಂಸಿಗೆ ಬರುತ್ತದೆ, ಮಳೆ ಹಿಡಿದು ಮೋಡ ಕವಿದರೆ ಅಂಗಮಾರಿ ತಗಲುತ್ತದೆ, ಇದು ಇಲ್ಲಿನ ರೈತರಿಗೆ ಗೊತ್ತಿರುವ ಮಾತು. ಮಳೆಯ ಅಂಕಿ ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದಿಂದ ಸಿಗುತ್ತದೆ. ಗೊರೂರಿನ ಹೇಮಾವತಿ ಜಲಾಶಯದ ಮಟ್ಟ ಅಡಿಗಳಲ್ಲಿ, ಸಂಗ್ರಹ ಟಿಎಂಸಿಯಲ್ಲಿ, ಒಳಹರಿವು ಕ್ಯೂಸೆಕ್‌ನಲ್ಲಿ ಬರುತ್ತದೆ. ಪೂರ್ಣ ಮಟ್ಟ 2,922 ಅಡಿ, ಸಾಮರ್ಥ್ಯ ಸುಮಾರು 37.10 ಟಿಎಂಸಿ.

ಇಲ್ಲಿ ಮೊದಲ ಹಳ್ಳವೇ ದಿನಾಂಕ. 05-06 ಎಂದರೆ ನಮಗೆ ಜೂನ್ 5. ಅಮೆರಿಕದ ಸೆಟ್ಟಿಂಗ್ ಇರುವ ಎಕ್ಸೆಲ್‌ಗೆ ಅದು ಮೇ 6. ಹಾಗೆ ತೆರೆದು ಉಳಿಸಿದ ಕ್ಷಣ ಮುಂಗಾರಿನ ಮಳೆ ಮುಂಗಾರುಪೂರ್ವ ಮಳೆಯಾಗಿಬಿಡುತ್ತದೆ. ತಿಂಗಳ 12ನೇ ತಾರೀಖಿನವರೆಗಷ್ಟೇ ಹೀಗಾಗುವುದರಿಂದ ತಪ್ಪು ಎದ್ದು ಕಾಣುವುದೂ ಇಲ್ಲ. ಮೂಲ ಕಡತವನ್ನು ಮುಟ್ಟದೆ ಇಟ್ಟಿದ್ದರೆ ಇದು ಐದು ನಿಮಿಷದ ತಿದ್ದುಪಡಿ. ಇಡದಿದ್ದರೆ ಪ್ರಾಜೆಕ್ಟ್‌ನ ಫಲಿತಾಂಶವೇ ಸುಳ್ಳು.

ಇದನ್ನೆಲ್ಲ ನೋಡಿದ ಮೇಲೆ ನನ್ನ ಒಲವು ಹೀಗಿದೆ. ಮೊದಲ ವಾರಗಳಲ್ಲಿ ಮುಟ್ಟದ ಮೂಲ, ಸ್ಕ್ರಿಪ್ಟ್, ಕನ್ನಡದಲ್ಲೇ ಬರೆದ ಟಿಪ್ಪಣಿ. ಆಮೇಲೆ, ಅದೇ ಪ್ರಾಜೆಕ್ಟ್‌ನ ಮೇಲೆಯೇ, ಬೇರೆ ಲ್ಯಾಬ್ ಆಗಿ ಅಲ್ಲದೆ, ಗಿಟ್. ಅದರಲ್ಲೂ ಕಮಿಟ್, ವ್ಯತ್ಯಾಸ ನೋಡುವುದು, ಹಿಂದಿನ ಸ್ಥಿತಿಗೆ ಮರಳುವುದು, ಇಷ್ಟೇ. ಕಮಿಟ್ ಸಂದೇಶವನ್ನೂ ಕನ್ನಡದಲ್ಲಿ ಬರೆಯಲು ಬಿಡಬೇಕು. ‘ಅಪ್‌ಡೇಟ್’ ಎಂಬ ಒಂದು ಪದಕ್ಕಿಂತ ‘ಜೂನ್ ದಿನಾಂಕ ಸರಿಪಡಿಸಿದೆ, ತಿಂಗಳು ಮತ್ತು ದಿನ ಅದಲುಬದಲಾಗಿತ್ತು’ ಎಂಬ ವಾಕ್ಯ ಮುಂದಿನವರಿಗೆ ಉಪಕಾರಿ. ಸೆಮಿಸ್ಟರ್ ಕೊನೆಗೆ ಗೆಳೆಯರು ಒಬ್ಬರ ಫೋಲ್ಡರನ್ನು ಇನ್ನೊಬ್ಬರು ತೆರೆದು ಅದೇ ಕೋಷ್ಟಕ ಬರುತ್ತದೆಯೇ ಎಂದು ನೋಡಲಿ, ಅಂಕ ಅದಕ್ಕಿರಲಿ. ಐಐಟಿ ಬಾಂಬೆಯ ಸ್ಪೋಕನ್ ಟ್ಯುಟೋರಿಯಲ್ ಯೋಜನೆ ತನ್ನ ಅನೇಕ ಪಾಠಗಳಿಗೆ ಕನ್ನಡ ಧ್ವನಿ ಕೊಟ್ಟಿದೆ. ಕನ್ನಡ ಮಾಧ್ಯಮದಿಂದ ಬಂದವರಿಗೆ ಅಂಥ ಆಸರೆ ಇನ್ನಷ್ಟು ಬೇಕು.

ಇನ್ನೂ ತೀರ್ಮಾನವಾಗದವು

ಯಾವ ಪಂಥದ ಬೋಧನೆಯಿಂದ ಕಲಿಕೆ ನಿಜಕ್ಕೂ ಹೆಚ್ಚು ಉಳಿಯುತ್ತದೆ ಎಂಬ ಪ್ರಶ್ನೆ ತೆರೆದೇ ಇದೆ. ಈ ಕ್ಷೇತ್ರದ ಬರಹದಲ್ಲಿ ಅಧ್ಯಾಪಕರ ಅನುಭವಕಥನ ಹೆಚ್ಚು, ಎರಡು ವಿಧಾನಗಳನ್ನು ನೇರವಾಗಿ ಹೋಲಿಸಿದ ಪರೀಕ್ಷೆ ಕಡಿಮೆ. ಕಮಿಟ್ ಇತಿಹಾಸ ನೋಡಿ ಅಂಕ ಕೊಡಬಹುದೇ ಎಂಬುದರಲ್ಲೂ ಒಮ್ಮತವಿಲ್ಲ. ಅದು ಪ್ರಾಮಾಣಿಕ ಕೆಲಸಕ್ಕೆ ಸಾಕ್ಷಿ ಎಂದು ಕೆಲವರು, ತಡವರಿಸುತ್ತ ಕಲಿಯುವವರ ಮೇಲಿನ ಕಣ್ಗಾವಲು ಎಂದು ಕೆಲವರು. ಗಿಟ್‌ನಲ್ಲಿ ಇತಿಹಾಸವನ್ನು ಮತ್ತೆ ಬರೆಯಲೂ ಬರುತ್ತದೆ ಎಂಬುದು ಸಾಕ್ಷಿಯ ವಾದವನ್ನು ಸಡಿಲಿಸುತ್ತದೆ. 2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಮೇಲೆ ಸ್ಕ್ರಿಪ್ಟನ್ನೂ ಕಮಿಟ್ ಸಂದೇಶವನ್ನೂ ಯಂತ್ರವೇ ಬರೆಯಬಲ್ಲದು. ಹಾಗೆ ಬಂದ ಇತಿಹಾಸ ಯಾರ ಆಲೋಚನೆಯ ದಾಖಲೆ?

ಮನೆಮನೆ ಸಮೀಕ್ಷೆ ಮಾಡಿದ ವಿದ್ಯಾರ್ಥಿ ಹೆಸರು, ಫೋನ್ ನಂಬರ್ ಇರುವ ಕಡತವನ್ನು ಸಾರ್ವಜನಿಕ ರೆಪೊಗೆ ಏರಿಸಿಬಿಟ್ಟರೆ, ಮುಂದಿನ ಕಮಿಟ್‌ನಲ್ಲಿ ಅಳಿಸಿದರೂ ಅದು ಇತಿಹಾಸದಲ್ಲಿ ಉಳಿಯುತ್ತದೆ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ಕಾಲದಲ್ಲಿ ಪದವಿ ಪ್ರಾಜೆಕ್ಟ್‌ನ ದತ್ತಾಂಶಕ್ಕೆ ಹೊಣೆ ವಿದ್ಯಾರ್ಥಿಯದೋ, ಗೈಡ್‌ನದೋ, ಕಾಲೇಜಿನದೋ? ಎಲ್ಲವನ್ನೂ ತೆರೆದಿಡಿ ಎನ್ನುವ ಪುನರಾವರ್ತನೆಯ ಆದರ್ಶಕ್ಕೂ ಮನೆಯವರ ಗುಟ್ಟು ಕಾಯುವ ಕರ್ತವ್ಯಕ್ಕೂ ನಡುವೆ ಗೆರೆ ಎಲ್ಲಿ ಎಂಬುದನ್ನು ಪಠ್ಯಗಳು ಹೇಳಬೇಕಿದೆ.

ಕೊನೆಯದು ಜಾಗದ ಪ್ರಶ್ನೆ. ಪ್ರಾಜೆಕ್ಟ್ ಮುಗಿದ ಮೇಲೆ ಬೈಂಡ್ ಆದ ವರದಿ ಗ್ರಂಥಾಲಯ ಸೇರುತ್ತದೆ; ಕಡತಗಳು ಒಬ್ಬರ ಲ್ಯಾಪ್‌ಟಾಪಿನಲ್ಲೋ ಒಂದು ಕಂಪನಿಯ ಸರ್ವರಿನಲ್ಲೋ ಇರುತ್ತವೆ. ಗಿಟೋರಿಯಸ್ 2015ರಲ್ಲಿ, ಗೂಗಲ್ ಕೋಡ್ 2016ರಲ್ಲಿ ಬಾಗಿಲು ಹಾಕಿದವು. ಫ್ರಾನ್ಸಿನ ಸಾಫ್ಟ್‌ವೇರ್ ಹೆರಿಟೇಜ್, ಸರ್ನ್ ನಡೆಸುವ ಝೆನೊಡೊ ದೀರ್ಘಕಾಲದ ಭಂಡಾರಗಳಾಗಲು ಹೊರಟಿವೆ. ಹಾಸನದ ಮಳೆ, ಗೆಡ್ಡೆ, ನೀರಿನ ಮೇಲೆ ಇಲ್ಲಿನ ಮಕ್ಕಳು ವರ್ಷವರ್ಷ ಮಾಡುವ ಕೆಲಸ ಅಂಥ ದೂರದ ಭಂಡಾರಕ್ಕೆ ಹೋಗಬೇಕೋ, ವಿಶ್ವವಿದ್ಯಾಲಯಗಳೇ ಅದನ್ನು ಕಾಯಬೇಕೋ, ಕಾಯುವುದಾದರೆ ಯಾರ ಖರ್ಚಿನಲ್ಲಿ ಮತ್ತು ಎಷ್ಟು ವರ್ಷ ಎಂಬುದು ಇನ್ನೂ ಇತ್ಯರ್ಥವಾಗಿಲ್ಲ.